ದಿನನಿತ್ಯದ ಓಡಾಟಕ್ಕೆ ಪವರ್‌ಫುಲ್ ಕಾರೇ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಾರು ಕೊಳ್ಳುವವರು, ಆಗಷ್ಟೇ ಲೈಸೆನ್ಸ್ ಪಡೆದವರು, ಸಣ್ಣ ಕಾರಿನಲ್ಲೇ ಊರಿಗೆ ಹೋಗಿಬರುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಕೊಟ್ಟಿದ್ದೇವೆ. ಕಾರಿನ ಪವರ್ ಎಷ್ಟು ಎಂಬ ಅಂಕಿ ಕಂಪನಿ ಹೇಳುವಂಥದ್ದು (ಪಿಎಸ್ ಅದರ ಅಳತೆ, ಹಾರ್ಸ್‌ಪವರ್ ಇದ್ದಂತೆ). ನಿಲ್ಲುವ ದೂರ, ಓವರ್‌ಟೇಕ್ ದೂರಗಳು ಲೆಕ್ಕ ಹಾಕಿ ತೆಗೆದವು. ಅಪಾಯ ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ, ಒಣ ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಪ್ರತಿ ಸೆಕೆಂಡೂ ವೇಗ ಗಂಟೆಗೆ 25 ಕಿ.ಮೀ.ನಷ್ಟು ಇಳಿಯುತ್ತದೆ ಎಂದು ಇಟ್ಟುಕೊಂಡಿದ್ದೇವೆ.

## ಮೊದಲ ಪ್ರಶ್ನೆಗಳು

"ನಂದು 67 ಪಿಎಸ್ ಕಾರು. ಹೈವೇಗೆ ಇದು ಸಾಕಾಗುತ್ತಾ?"

ಸಾಕಾಗುತ್ತದೆ. ಆಲ್ಟೊ ಕೆ10, ವ್ಯಾಗನ್‌ಆರ್ 1.0 ಥರದ ಕಾರುಗಳಲ್ಲಿ ಇರುವುದು ಇಷ್ಟೇ: 67 ಪಿಎಸ್ ಪವರ್, 89 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ). ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಲು ಇಂಥ ಕಾರಿಗೆ 80 ಕಿ.ಮೀ. ವೇಗದಲ್ಲಿ ಸುಮಾರು 10 ಪಿಎಸ್, 100ರಲ್ಲಿ 17, 120ರಲ್ಲಿ 27 ಪಿಎಸ್ ಬೇಕು. ವೇಗ ಏರಿದಂತೆ ಗಾಳಿಯ ತಡೆ ಸಿಕ್ಕಾಪಟ್ಟೆ ಏರುವುದರಿಂದ ಈ ಲೆಕ್ಕ ಹೀಗೆ ಜಿಗಿಯುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ಗೊತ್ತುಮಾಡಿದ ಗರಿಷ್ಠ ಮಿತಿ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ 100, ಮಿಕ್ಕ ರಸ್ತೆಗಳಲ್ಲಿ 70. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿಯೂ 100. 100ರ ಒಳಗೆ ಓಡಿಸುವಾಗ ನಿಮ್ಮ ಎಂಜಿನ್ನಿನ ಮುಕ್ಕಾಲು ಪಾಲು ಶಕ್ತಿ ಸುಮ್ಮನೆ ಉಳಿದಿರುತ್ತದೆ. ಅದು ಖರ್ಚಾಗುವುದು ವೇಗ ಹೆಚ್ಚಿಸುವಾಗ ಮತ್ತು ಏರು ಹತ್ತುವಾಗ. ಆದ್ದರಿಂದ ಕೆಳಗಿನ ಬಹುತೇಕ ಪ್ರಶ್ನೆಗಳೂ ಆ ಎರಡರ ಸುತ್ತಲೇ ಇವೆ.

"ಬಿಎಚ್‌ಪಿ ನೋಡ್ಬೇಕಾ, ಟಾರ್ಕ್ ನೋಡ್ಬೇಕಾ?"

ಎರಡನ್ನೂ ಕಾರಿನ ತೂಕದ ಜೊತೆ ನೋಡಬೇಕು. (ಬಿಎಚ್‌ಪಿ, ಪಿಎಸ್ ನಡುವೆ ಶೇ. 1.4ರಷ್ಟೇ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡಿ.) ಜನ, ಲಗೇಜ್ ಎಲ್ಲ ಸೇರಿಸಿ ಒಂದು ಟನ್ನಿಗೆ 50–55 ಪಿಎಸ್ ಇದ್ದರೆ ನಮ್ಮ ರಸ್ತೆಗಳಿಗೆ ಸಾಕು ಎಂಬುದು ನಮ್ಮ ಅಂದಾಜು. ಟಾರ್ಕ್ ಎಷ್ಟು ಎನ್ನುವುದಕ್ಕಿಂತ ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುವಾಗ) ಸಿಗುತ್ತದೆ ಎನ್ನುವುದು ಮುಖ್ಯ. ಮೇಲೆ ಹೇಳಿದ 89 ಎನ್‌ಎಂ ಸಿಗುವುದು 3,500 ಆರ್‌ಪಿಎಂನಲ್ಲಿ, 67 ಪಿಎಸ್ ಸಿಗುವುದು 5,500ರಲ್ಲಿ. 1,500 ಆರ್‌ಪಿಎಂನಲ್ಲೇ ಓಡಿಸುತ್ತ "ಗಾಡಿ ಎಳೆಯಲ್ಲ" ಎಂದರೆ ಅದು ಎಂಜಿನ್ನಿನ ತಪ್ಪಲ್ಲ.

"ಏನಾದ್ರೂ ಅಡ್ಡ ಬಂದಾಗ ತಪ್ಪಿಸ್ಕೊಂಡು ಮುಂದೆ ಹೋಗೋಕೆ ಪಿಕಪ್ ಬೇಕೇ ಬೇಕಲ್ವಾ?"

ಜಾಸ್ತಿ ಪವರ್ ಬೇಕು ಎನ್ನುವವರು ಎಲ್ಲರಿಗಿಂತ ಹೆಚ್ಚು ಹೇಳುವ ಕಾರಣ ಇದು. ಲೆಕ್ಕಕ್ಕೆ ಮಾತ್ರ ನಿಲ್ಲುವುದಿಲ್ಲ.

60 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ, ಸರಿಯಾದ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, 67 ಪಿಎಸ್‌ನ ಸಣ್ಣ ಕಾರು ಒಂದು ಸೆಕೆಂಡಿನಲ್ಲಿ ಐದಾರು ಕಿ.ಮೀ. ವೇಗ ಪಡೆಯುತ್ತದೆ. 120 ಪಿಎಸ್‌ನ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಎಸ್‌ಯುವಿ ಎಂಟೊಂಬತ್ತು ಕಿ.ಮೀ. ಪಡೆಯುತ್ತದೆ. ಅದೇ ಒಂದು ಸೆಕೆಂಡಿನಲ್ಲಿ ಬ್ರೇಕ್ ಇಬ್ಬರಿಗೂ 25 ಕಿ.ಮೀ. ವೇಗ ಇಳಿಸಿಕೊಡುತ್ತದೆ. ಎಷ್ಟೇ ಬಲವಾದ ಎಂಜಿನ್ ಇದ್ದರೂ ದಿನನಿತ್ಯದ ಕಾರಿನಲ್ಲಿ ಬ್ರೇಕ್ ಮಾಡುವ ಕೆಲಸದ ಅರ್ಧಕ್ಕೂ ಅದು ಬರುವುದಿಲ್ಲ. ಜೊತೆಗೆ ಟರ್ಬೊ ತುಂಬಲು, ಆಟೋಮ್ಯಾಟಿಕ್ ಗೇರ್ ಇಳಿಯಲು ಅರ್ಧದಿಂದ ಒಂದು ಸೆಕೆಂಡ್ ಹೋಗುತ್ತದೆ. ಬ್ರೇಕಿಗೆ ಆ ತಡವಿಲ್ಲ.

ಇನ್ನೊಂದು ಮಾತು. ನಾಯಿ, ಸ್ಕೂಟರ್, ಡಿವೈಡರ್ ದಾಟುವ ಜನ, ಹಂಪ್ ಕಂಡು ತಟ್ಟನೆ ನಿಂತ ಆಟೋ, ಎಲ್ಲ ಬರುವುದು ಮುಂದಿನಿಂದ ಅಥವಾ ಪಕ್ಕದಿಂದ. ವೇಗ ಹೆಚ್ಚಿಸಿ ಪಾರಾಗುವಂಥ ಸಂದರ್ಭ ಅಂದರೆ ಹಿಂದಿನ ಲಾರಿ ಬ್ರೇಕ್ ಫೇಲಾಗಿ ಬರುವಂಥದ್ದು. ಅದು ತೀರಾ ಅಪರೂಪ, ಆಗಲೂ ಮುಂದೆ ಜಾಗ ಖಾಲಿ ಇರಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯಂತೆ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 71.2ರಷ್ಟು ಸಾವಿಗೆ ದಾಖಲಾದ ಕಾರಣ ಅತಿವೇಗ.

"ದೊಡ್ಡ ಕಾರಿಗೆ ಬ್ರೇಕೂ ದೊಡ್ಡದಿರುತ್ತಲ್ಲ, ಸ್ಪೀಡಾಗಿ ಹೋದ್ರೆ ಏನು ತೊಂದ್ರೆ?"

ಕಾರನ್ನು ನಿಲ್ಲಿಸುವುದು ಕೊನೆಗೆ ಟೈರ್ ಮತ್ತು ರಸ್ತೆಯ ನಡುವಿನ ಹಿಡಿತ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಜೋರಾಗಿ ಒತ್ತಿದಾಗ ಸಣ್ಣ ಕಾರಿನ ಬ್ರೇಕೂ ಆ ಹಿಡಿತವನ್ನು ಪೂರ್ತಿ ಬಳಸಿರುತ್ತದೆ. ದೊಡ್ಡ ಡಿಸ್ಕಿನ ಲಾಭ ಸಿಗುವುದು ಮತ್ತೆ ಮತ್ತೆ ಬ್ರೇಕ್ ಹಾಕಿ ಬಿಸಿಯಾದಾಗ, ಮೊದಲ ಸಲ ತಟ್ಟನೆ ನಿಲ್ಲುವಾಗ ಅಲ್ಲ.

ಒಣ ರಸ್ತೆಯಲ್ಲಿ, ಯೋಚಿಸುವ ಸಮಯವೂ ಸೇರಿ, 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 80ಕ್ಕೆ 69 ಮೀಟರ್, 100ಕ್ಕೆ 97, 120ಕ್ಕೆ 130ರ ಹತ್ತಿರ. ಮಳೆಯಲ್ಲಿ 80ರಲ್ಲೇ 95 ಮೀಟರ್ ಆಗಬಹುದು.

ಈ ಅಂಕಿಗಳ ಹಿಂದೆ ಇರುವ ಭಯಂಕರ ವಿಷಯವನ್ನು ಹತ್ತಿರದಿಂದ ನೋಡಿ. 69 ಮೀಟರ್ ಮುಂದೆ ಒಂದು ಟ್ರ್ಯಾಕ್ಟರ್ ಅಡ್ಡ ನಿಂತಿದೆ. 80ರಲ್ಲಿ ಬರುತ್ತಿದ್ದ ಕಾರು ಅದಕ್ಕೆ ತಾಗುವಷ್ಟರಲ್ಲಿ ನಿಲ್ಲುತ್ತದೆ. 100ರಲ್ಲಿ ಬರುತ್ತಿದ್ದ ಕಾರಿನ ಚಾಲಕ ಬ್ರೇಕ್ ಒತ್ತುವ ಹೊತ್ತಿಗೇ 42 ಮೀಟರ್ ಕಳೆದಿರುತ್ತದೆ. ಉಳಿದ 27 ಮೀಟರಿನಲ್ಲಿ ಎಷ್ಟು ಜೋರಾಗಿ ಬ್ರೇಕ್ ಹಾಕಿದರೂ ಟ್ರ್ಯಾಕ್ಟರಿಗೆ ಗುದ್ದುವಾಗ ವೇಗ ಇನ್ನೂ 70 ಕಿ.ಮೀ. ದಾಟಿರುತ್ತದೆ. ಹೊರಡುವಾಗ ಇದ್ದ 20 ಕಿ.ಮೀ. ವ್ಯತ್ಯಾಸ ಕೊನೆಯಲ್ಲಿ 70 ಆಗುತ್ತದೆ. ಪವರ್‌ಫುಲ್ ಕಾರಿನ ಅಪಾಯ ಇರುವುದು ಇಲ್ಲಿ: 100ರಲ್ಲಿ ಹೋಗುತ್ತಿದ್ದರೂ ಒಳಗೆ ಸದ್ದಿಲ್ಲ, ನಡುಕವಿಲ್ಲ, 70ರಲ್ಲಿ ಹೋಗುತ್ತಿರುವಂತೆ ಅನಿಸುತ್ತದೆ. 2019ರ ಜುಲೈನಿಂದ ಹೊಸ ಕಾರುಗಳಲ್ಲಿ 80 ದಾಟಿದರೆ ಬೀಪ್ ಬರುವುದು, 120 ದಾಟಿದರೆ ಬಿಡದೆ ಕೂಗುವುದು ಈ ಕಾರಣಕ್ಕೇ. ಅದರ ವೈರ್ ಕೀಳಿಸಬೇಡಿ.

"ದೊಡ್ಡ ಎಂಜಿನ್ ಅಂದ್ರೆ ಗಟ್ಟಿ ಬಾಡಿ ಅಂತ ಅರ್ಥ ಅಲ್ವಾ?"

ಅಲ್ಲ. ಡಿಕ್ಕಿಯಲ್ಲಿ ಕಾಪಾಡುವುದು ಬಾಡಿಯ ರಚನೆ, ಸೀಟ್ ಬೆಲ್ಟ್, ಏರ್‌ಬ್ಯಾಗ್. ಟಾಟಾ ಪಂಚ್ 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಪಡೆದಾಗ ಅದರಲ್ಲಿದ್ದದ್ದು ಟರ್ಬೊ ಇಲ್ಲದ 86 ಪಿಎಸ್ ಎಂಜಿನ್. 2024ರಲ್ಲಿ ಐದು ಸ್ಟಾರ್ ಪಡೆದ ಹೊಸ ಡಿಜೈರ್‌ನದು 82 ಪಿಎಸ್. ಎರಡು ಕಾರು ಎದುರುಬದುರು ಗುದ್ದಿದರೆ ಭಾರದ ಕಾರಿನವರಿಗೆ ಪೆಟ್ಟು ಕಡಿಮೆ ಎನ್ನುವುದು ನಿಜ. ಅದು ತೂಕದ ಅನುಕೂಲ, ಪವರ್‌ದಲ್ಲ. ಮುಂಭಾಗದ ಡಿಕ್ಕಿ ಪರೀಕ್ಷೆ ನಡೆಯುವುದು 64 ಕಿ.ಮೀ. ವೇಗದಲ್ಲಿ. ಐದು ಸ್ಟಾರ್ ಕಾರನ್ನು 110ರಲ್ಲಿ ಗುದ್ದಿಸಿದರೆ ಆ ಸ್ಟಾರ್‌ಗಳಿಗೆ ಅರ್ಥವಿಲ್ಲ.

## ರಸ್ತೆಯ ಮೇಲೆ

"ಎರಡು ಲೇನ್ ರಸ್ತೇಲಿ ಲಾರಿ ಓವರ್‌ಟೇಕ್ ಮಾಡೋಕೆ ಹೋದ್ರೆ ಅರ್ಧಕ್ಕೇ ಸಿಕ್ಕಿಹಾಕ್ಕೊಂಡ ಹಾಗಾಗುತ್ತೆ. ಸಣ್ಣ ಕಾರಿಂದ ಹೀಗಾ?"

ಬಹುಪಾಲು ಗೇರಿನಿಂದ ಹೀಗೆ. 50 ಕಿ.ಮೀ. ವೇಗದಲ್ಲಿ ಲಾರಿಯ ಹಿಂದೆ ಐದನೇ ಗೇರಿನಲ್ಲಿ ಹೋಗುತ್ತಿದ್ದರೆ ಒಂದು ಲೀಟರಿನ ಎಂಜಿನ್ 1,500–1,600 ಆರ್‌ಪಿಎಂನಲ್ಲಿ ಇರುತ್ತದೆ. ಅಲ್ಲಿ ಆಕ್ಸಿಲರೇಟರ್ ಎಷ್ಟೇ ತುಳಿದರೂ ಕೈಗೆ ಸಿಗುವುದು 15ರಿಂದ 17 ಪಿಎಸ್. ಅದೇ ವೇಗದಲ್ಲಿ ಮೂರನೇ ಗೇರಿಗೆ ಬಂದರೆ 3,000 ಆರ್‌ಪಿಎಂ ಆಸುಪಾಸು, ಸಿಗುವುದು 35 ಪಿಎಸ್‌ಗೂ ಮೇಲೆ. ಕಾರು ಅದೇ, ಬಲ ಎರಡು ಪಟ್ಟು.

ಮಾಡಬೇಕಾದ್ದು ಹೀಗೆ. ಲಾರಿಗೆ ಅಂಟಿಕೊಳ್ಳದೆ ಕನಿಷ್ಠ 20 ಮೀಟರ್ ಹಿಂದೆ ಇರಿ. ಅಷ್ಟು ಹಿಂದಿದ್ದರೆ ಮಾತ್ರ ಮುಂದಿನ ರಸ್ತೆ ಕಾಣುತ್ತದೆ. ರಸ್ತೆ ಖಾಲಿ ಎಂದು ಖಾತ್ರಿಯಾದ ಮೇಲೆ ಮೂರನೇ ಗೇರಿಗೆ ಇಳಿಸಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ. ನಿಮ್ಮ ಲೇನಿನಲ್ಲಿರುವಾಗಲೇ ವೇಗ ಏರಿಸಲು ಶುರುಮಾಡಿ, ವೇಗ ಸಿಗುತ್ತಿದೆ ಎಂದು ಕಂಡ ಮೇಲೆ ಹೊರಗೆ ಬನ್ನಿ. ಪೂರ್ತಿ ದಾಟುವವರೆಗೆ ಗೇರ್ ಬದಲಿಸಬೇಡಿ, ಎಂಜಿನ್ ಕೂಗಲಿ. 5,500 ಆರ್‌ಪಿಎಂವರೆಗೆ ಹೋಗಲೆಂದೇ ಅದನ್ನು ಮಾಡಿದ್ದಾರೆ. ಹೊರಬಂದ ಮೇಲೆ ಅನುಮಾನ ಬಂದರೆ ಬ್ರೇಕ್ ಹಾಕಿ ಲಾರಿಯ ಹಿಂದಕ್ಕೇ ಸೇರಿಕೊಳ್ಳಿ. ಮೂಗು ಲಾರಿಯ ಬಾಗಿಲು ದಾಟುವವರೆಗೂ ಹಿಂದಕ್ಕೆ ಹೋಗುವುದೇ ಹತ್ತಿರದ ದಾರಿ.

ಇನ್ನು ಪವರ್‌ನ ಲಾಭ ಎಷ್ಟು? 12 ಮೀಟರ್ ಉದ್ದದ ಲಾರಿ 50ರಲ್ಲಿ ಹೋಗುತ್ತಿದೆ. ಹಿಂದೆ 20, ಮುಂದೆ 20 ಮೀಟರ್ ಅಂತರ ಇಟ್ಟು ದಾಟಬೇಕು. ಸರಾಸರಿ 70ರಲ್ಲಿ ದಾಟುವ ಕಾರಿಗೆ, ಅದರ ಉದ್ದವನ್ನೂ ಸೇರಿಸಿದರೆ, 10 ಸೆಕೆಂಡ್ ಬೇಕು. ಎದುರಿನಿಂದ 80ರಲ್ಲಿ ವಾಹನ ಬರಬಹುದು ಎಂದುಕೊಂಡರೆ 420 ಮೀಟರ್ ರಸ್ತೆ ಕಾಣಬೇಕು. ಸರಾಸರಿ 80ರಲ್ಲಿ ದಾಟುವ ಬಲವಾದ ಕಾರಿಗೆ 6.7 ಸೆಕೆಂಡ್, 300 ಮೀಟರ್ ಸಾಕು. ಲಾಭ ಇದೆ, ಅಲ್ಲಗಳೆಯುವಂಥದ್ದಲ್ಲ. ಆದರೆ ತಿರುವಿನಲ್ಲೋ ಸೇತುವೆಯ ದಿಬ್ಬದಲ್ಲೋ ಕಾಣುವುದು 150 ಮೀಟರ್ ಮಾತ್ರ. ಅಲ್ಲಿ ಎರಡೂ ಕಾರು ಹೊರಗೆ ಬರುವಂತಿಲ್ಲ.

"ಸರ್ವಿಸ್ ರೋಡಿಂದ ಹೈವೇಗೆ ಸೇರುವಾಗ ಹಿಂದಿನಿಂದ ಗಾಡಿಗಳು ಮೇಲೇ ಬಂದ ಹಾಗಾಗುತ್ತೆ..."

ಇಲ್ಲಿ ನಿಧಾನವೇ ಅಪಾಯ. ಒಬ್ಬರೇ ಇದ್ದಾಗ ಸಣ್ಣ ಕಾರು 40ರಿಂದ 80ಕ್ಕೆ ಬರಲು ಹೆಚ್ಚುಕಮ್ಮಿ 8 ಸೆಕೆಂಡ್, 130 ಮೀಟರ್ ತೆಗೆದುಕೊಳ್ಳುತ್ತದೆ; ಎರಡನೇ ಗೇರನ್ನು 60ರ ಹತ್ತಿರದವರೆಗೆ ಎಳೆದು ನಂತರ ಮೂರಕ್ಕೆ ಹಾಕಿದರೆ ಇನ್ನೂ ಬೇಗ. ಸೇರುವ ಜಾಗ ಉದ್ದವಾಗಿದ್ದರೆ ಅದರಲ್ಲೇ ವೇಗ ಪಡೆಯಿರಿ. ನಮ್ಮಲ್ಲಿ ಎಷ್ಟೋ ಕಡೆ ಅದು 50 ಮೀಟರೂ ಇರುವುದಿಲ್ಲ. ಅಂಥಲ್ಲಿ ಸರ್ವಿಸ್ ರೋಡಿನಲ್ಲೇ ನಿಂತು ದೊಡ್ಡ ಅಂತರ ಬರುವವರೆಗೆ ಕಾದು, ಎಡ ಲೇನಿಗೆ ಮಾತ್ರ ಸೇರಿಕೊಂಡು, ವೇಗ ಸಿಕ್ಕ ಮೇಲೆ ಬೇಕಿದ್ದರೆ ಬಲಕ್ಕೆ ಬನ್ನಿ. ಅರ್ಧ ಒಳಗೆ ಅರ್ಧ ಹೊರಗೆ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು.

"ಕಬ್ಬಿನ ಸೀಸನ್ನಾಗ ರಾತ್ರಿ ಗಾಡಿ ಓಡಸೋದು ಭಾಳ ತ್ರಾಸ ಐತ್ರಿ. ದೊಡ್ಡ ಎಂಜಿನ್ ಇದ್ರ ಅನುಕೂಲ ಆಗತೈತೇನು?"

ಆಗುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕಾರ್ಖಾನೆ ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದೆ ಓಡುತ್ತವೆ. ಹೊರಗೆ ಚಾಚಿದ ಕಬ್ಬಿನ ತುದಿ ಗಾಜಿಗೆ ಬಡಿಯುವಷ್ಟು ಹತ್ತಿರವಾದಾಗಲೇ ಕಣ್ಣಿಗೆ ಬೀಳುತ್ತದೆ. ಡಿಮ್ ಲೈಟಿನಲ್ಲಿ ಬೆಳಕಿಲ್ಲದ ಕಪ್ಪು ವಸ್ತು ಕಾಣುವುದು 40–50 ಮೀಟರ್ ದೂರಕ್ಕೆ. 60 ಕಿ.ಮೀ.ಗೆ ನಿಲ್ಲಲು 45 ಮೀಟರ್ ಬೇಕು ಎಂದು ಮೇಲೆ ಹೇಳಿದೆವು. ಅಂದರೆ ಎದುರು ವಾಹನ ಬಂದು ಡಿಮ್ ಮಾಡಿದ ಕ್ಷಣದಲ್ಲಿ ನಿಮ್ಮ ವೇಗ 60 ಮೀರುವಂತಿಲ್ಲ, 50 ಇದ್ದರೆ ಒಳ್ಳೆಯದು. ದುಡ್ಡು ಹಾಕುವುದಿದ್ದರೆ ಹೆಡ್‌ಲೈಟಿಗೆ ಹಾಕಿ: ಹಳದಿಗಟ್ಟಿದ ಲೆನ್ಸ್ ಪಾಲಿಷ್ ಮಾಡಿಸಿ, ಎತ್ತರ ಸರಿಮಾಡಿಸಿ, ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ, ವೈಪರ್ ರಬ್ಬರ್ ವರ್ಷಕ್ಕೊಮ್ಮೆ ಬದಲಿಸಿ.

"ಬೆಂಗಳೂರು ಟ್ರಾಫಿಕ್‌ನಲ್ಲಿ ಟರ್ಬೊ ಇದ್ರೆ ಆರಾಮಾ?"

ಇಲ್ಲ. ಹೆಚ್ಚಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳು 1,800 ಆರ್‌ಪಿಎಂ ಒಳಗೆ ಮಂಕಾಗಿರುತ್ತವೆ, ಅದನ್ನು ದಾಟಿದ ಕೂಡಲೇ ಎಗರುತ್ತವೆ. ಬಂಪರಿಗೆ ಬಂಪರ್ ತಾಗುವ ಟ್ರಾಫಿಕ್ಕಿನಲ್ಲಿ ಅದು ಕಿರಿಕಿರಿ.

## ಘಾಟಿ ರಸ್ತೆ

"ಚಾರ್ಮಾಡಿ ಹತ್ತುವಾಗ ಗಾಡಿ ಉಸಿರು ಕಟ್ಟಿದ ಹಾಗೆ ಮಾಡ್ತದೆ ಮಾರಾಯ್ರೆ. ಎಂಜಿನ್ ಸಣ್ಣದಾಯ್ತಾ?"

ನಾಲ್ಕು ಜನ ಕೂತು 1,200 ಕೆ.ಜಿ. ಆದ ಕಾರು, 10 ಮೀಟರ್ ಹೋದರೆ 1 ಮೀಟರ್ ಏರುವಂಥ ಕಡಿದಾದ ರಸ್ತೆಯಲ್ಲಿ 40ರ ವೇಗದಲ್ಲಿ ಹತ್ತಲು ಬೇಕಾದ್ದು ಸುಮಾರು 20 ಪಿಎಸ್. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನೂ 37 ಬಿಎಚ್‌ಪಿಯ ಹಳೇ ಮಾರುತಿ 800 ಹತ್ತುತ್ತಿತ್ತು. ಉಸಿರು ಕಟ್ಟುವುದು ಮೂರನೇ ಗೇರಿನಲ್ಲೇ ತಿರುವು ತೆಗೆಯಲು ಹೋದಾಗ.

ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸಿ. ಹೇರ್‌ಪಿನ್ ತೀರಾ ಕಡಿದಾಗಿದ್ದು ವೇಗ 15ಕ್ಕೆ ಬಿದ್ದರೆ ಒಂದಕ್ಕೆ. ತಿರುವಿನ ಮಧ್ಯೆ ಕ್ಲಚ್ ಒತ್ತಬೇಡಿ. 2,500ರಿಂದ 4,000 ಆರ್‌ಪಿಎಂ ನಡುವೆ ಇಡಿ. ಸಣ್ಣ ಕಾರಿನಲ್ಲಿ ಎಸಿ ಕಂಪ್ರೆಸರ್ ಮೂರರಿಂದ ಐದು ಪಿಎಸ್ ನುಂಗುತ್ತದೆ, ಆದ್ದರಿಂದ ಕಡಿದಾದ ಒಂದೆರಡು ಕಿ.ಮೀ. ಎಸಿ ಆಫ್ ಮಾಡುವುದರಲ್ಲಿ ಅರ್ಥವಿದೆ. ಟೆಂಪರೇಚರ್ ಮುಳ್ಳು ಏರುತ್ತಿದ್ದರೂ ಅದೇ ಮಾಡಿ.

ಎತ್ತರವೂ ಒಂದು ಕಾರಣ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಬಲ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. 920 ಮೀಟರ್ ಎತ್ತರದ ಬೆಂಗಳೂರಿನಲ್ಲೇ ನಿಮ್ಮ 67 ಪಿಎಸ್ ಕಾರು 61ರ ಆಸುಪಾಸಿನಲ್ಲಿ ಇರುತ್ತದೆ, ಮಡಿಕೇರಿಯಲ್ಲಿ 60ರ ಕೆಳಗೆ. ಮಂಗಳೂರಿನವರಿಗೆ ಮಡಿಕೇರಿಯಲ್ಲಿ ಕಾರು ಮಂಕಾದಂತೆ ಕಾಣುವುದು ಬರೀ ಭ್ರಮೆಯಲ್ಲ.

"ಏರಿನಲ್ಲಿ ಬಸ್ಸಿನ ಹಿಂದೆ ನಿಂತ್ರೆ ಹಿಂದಕ್ಕೆ ಜಾರುತ್ತೆ, ಮತ್ತೆ ಎತ್ತೋಕೆ ಪವರ್ ಸಾಲಲ್ಲ"

ಹ್ಯಾಂಡ್‌ಬ್ರೇಕ್ ಬಳಸಿದರೆ ಸಾಲುತ್ತದೆ. ಬ್ರೇಕ್ ಒತ್ತಿ ನಿಂತು ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಒಂದನೇ ಗೇರ್ ಹಾಕಿ. ಆಕ್ಸಿಲರೇಟರನ್ನು 2,000 ಆರ್‌ಪಿಎಂಗೆ ತನ್ನಿ. ಕ್ಲಚ್ ನಿಧಾನಕ್ಕೆ ಬಿಡುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗಿ ಬಾನೆಟ್ ಸ್ವಲ್ಪ ಮೇಲೇಳುತ್ತದೆ. ಆಗ ಹ್ಯಾಂಡ್‌ಬ್ರೇಕ್ ಬಿಡಿ. ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಏರಿನಲ್ಲಿ ಹಿಡಿದು ನಿಲ್ಲಿಸಿದರೆ ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ, ಆಮೇಲೆ ನಿಜವಾಗಿಯೂ ಗಾಡಿ ಎಳೆಯುವುದಿಲ್ಲ. ಹಿಲ್ ಹೋಲ್ಡ್ ಇರುವ ಕಾರು ಬ್ರೇಕ್ ಬಿಟ್ಟ ಮೇಲೆ ಸುಮಾರು ಎರಡು ಸೆಕೆಂಡ್ ಮಾತ್ರ ಹಿಡಿದಿರುತ್ತದೆ. ಕಿರಿದಾದ ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು ಎಂಬ ನಿಯಮವಿದೆ. ನೀವು ಇಳಿಯುವವರಾದಾಗ ಇದನ್ನು ಪಾಲಿಸಿ.

"ಇಳಿಯುವಾಗ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತಾರೆ"

ಉಳಿಯುವುದಿಲ್ಲ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಐಡಲ್ ಆಗಲು ಸುಡುತ್ತವೆ. ಪ್ರಾಣದ ಲೆಕ್ಕ ಬೇರೆ. 1,200 ಕೆ.ಜಿ. ಕಾರು 600 ಮೀಟರ್ ಎತ್ತರದಿಂದ ಇಳಿಯುವಾಗ ಬ್ರೇಕುಗಳಲ್ಲೇ ತಡೆದರೆ ಹುಟ್ಟುವ ಶಾಖ 22 ಲೀಟರ್ ನೀರು ಕುದಿ ಬರಿಸುವಷ್ಟು. ಬ್ರೇಕ್ ಫ್ಲೂಯಿಡ್ ಹಳೆಯದಾಗಿ ನೀರಿನಂಶ ಹೀರಿದ್ದರೆ ಅದು ಕುದಿಯುವ ಬಿಂದು ಇಳಿದಿರುತ್ತದೆ: ಡಾಟ್ 3 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ 205 ಡಿಗ್ರಿ, ನೀರು ಹೀರಿದ ಮೇಲೆ 140ರ ಮಟ್ಟ, ಡಾಟ್ 4ಕ್ಕೆ 230 ಮತ್ತು 155. ಕುದಿದರೆ ಪೈಪಿನಲ್ಲಿ ಗುಳ್ಳೆ ಬಂದು ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ಎಂದರೆ ಎರಡು, ಕೆಲವೆಡೆ ಒಂದು. ಬ್ರೇಕನ್ನು ಸವರುತ್ತ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಫ್ಲೂಯಿಡ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಸರ್ವಿಸ್ ಸೆಂಟರಿನಲ್ಲಿ ನೀವಾಗಿ ಕೇಳದಿದ್ದರೆ ಎಷ್ಟೋ ಸಲ ಇದು ತಪ್ಪಿಹೋಗುತ್ತದೆ.

"ಐದು ಜನ, ಡಿಕ್ಕಿ ತುಂಬ ಲಗೇಜ್, ಅದರ ಮೇಲೆ ಸಿಎನ್‌ಜಿ. ಆಗಲೂ ಸಾಕಾ?"

ಇಲ್ಲಿ ಎಚ್ಚರ ಬೇಕು. 800 ಕೆ.ಜಿ. ಕಾರಿನಲ್ಲಿ ನೀವೊಬ್ಬರೇ ಇದ್ದರೆ ಟನ್ನಿಗೆ 77 ಪಿಎಸ್. ಐದು ಜನ, 50 ಕೆ.ಜಿ. ಸಾಮಾನು ಸೇರಿದರೆ 56. ಅದೇ ಓವರ್‌ಟೇಕಿಗೆ ಶೇ. 40ರಷ್ಟು ಹೆಚ್ಚು ಸಮಯ ಬೇಕು. ವ್ಯಾಗನ್‌ಆರ್ 1.0 ಸಿಎನ್‌ಜಿಯಲ್ಲಿ 67ರ ಬದಲು 57 ಪಿಎಸ್ ಕೊಡುತ್ತದೆ, ಸಿಲಿಂಡರಿನ ಭಾರ ಬೇರೆ. ಆಗ ಟನ್ನಿಗೆ 45ರ ಹತ್ತಿರಕ್ಕೆ ಬೀಳುತ್ತದೆ. ಘಾಟಿಗೆ ಮುಂಚೆ ಸ್ವಿಚ್ ಒತ್ತಿ ಪೆಟ್ರೋಲಿಗೆ ಬನ್ನಿ. ಹಿಂದಿನ ಟೈರಿಗೆ ಪೂರ್ತಿ ಲೋಡಿನ ಗಾಳಿ ಹಾಕಿಸಿ. ಎಷ್ಟು ಎಂಬುದು ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿದೆ. ಹೀಗೆ ತುಂಬಿಕೊಂಡು ತಿಂಗಳಿಗೆರಡು ಸಲ ಘಾಟಿ ಹತ್ತುವ ಮನೆಯಾದರೆ 1.2 ಲೀಟರಿನ 82–90 ಪಿಎಸ್ ಎಂಜಿನ್ ತೆಗೆದುಕೊಳ್ಳಿ ಎಂದೇ ಹೇಳುತ್ತೇವೆ.

## ಕೊಳ್ಳುವಾಗ

"ಅದೇ ದುಡ್ಡಿಗೆ ಟರ್ಬೊ ತಗೊಳ್ಳಲಾ, ಆರು ಏರ್‌ಬ್ಯಾಗ್ ಇರೋ ವೇರಿಯಂಟ್ ತಗೊಳ್ಳಲಾ?"

ಏರ್‌ಬ್ಯಾಗ್. ಅದಕ್ಕೂ ಮೊದಲು ಇಎಸ್‌ಸಿ ಇದೆಯೇ ನೋಡಿ. ಮಳೆಯಲ್ಲಿ ತಿರುವಿನಲ್ಲಿ ಕಾರು ಜಾರತೊಡಗಿದಾಗ ಅದು ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ದಾರಿಗೆ ತರುತ್ತದೆ; ಯಾವ ಚಾಲಕನ ಕಾಲಿಗೂ ಆಗದ ಕೆಲಸ. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಮೂರು ಸ್ಟಾರ್ ಮತ್ತು ಅದಕ್ಕೂ ಮೇಲಿನ ಅಂಕಕ್ಕೆ ಇದನ್ನು ಕಡ್ಡಾಯ ಮಾಡಿದೆ. ಆಮೇಲೆ ಹಿಂದಿನ ಸೀಟಿನ ಮೂವರಿಗೂ ಭುಜದ ಮೇಲೆ ಬರುವ ಬೆಲ್ಟ್, ಮಕ್ಕಳಿದ್ದರೆ ಅವರ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ, ಒಳ್ಳೆಯ ಹೆಡ್‌ಲೈಟ್. ಬೆಲ್ಟನ್ನು ಹಾಕಿಕೊಳ್ಳಲೂ ಬೇಕು: 2022ರಲ್ಲಿ ಬೆಲ್ಟ್ ಹಾಕದೆ ಸತ್ತ 16,715 ಜನರಲ್ಲಿ ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು.

"ಮಗನಿಗೆ ಈಗಷ್ಟೇ ಲೈಸೆನ್ಸ್ ಬಂದಿದೆ. ಟರ್ಬೊನೇ ಬೇಕು ಅಂತ ಹಟ ಮಾಡ್ತಿದ್ದಾನೆ"

ಬೇಡ. ನಮ್ಮಲ್ಲಿ ಆಲ್ಟೊಗೂ 300 ಪಿಎಸ್ ಕಾರಿಗೂ ಒಂದೇ ಲೈಸೆನ್ಸ್. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್ ರಾಜ್ಯಗಳಲ್ಲಿ ಹೊಸ ಚಾಲಕರು ಟನ್ನಿಗೆ 130 ಕಿಲೋವ್ಯಾಟ್, ಅಂದರೆ 177 ಪಿಎಸ್ ಮೀರಿದ ಕಾರು ಓಡಿಸುವಂತಿಲ್ಲ. ಅಲ್ಲಿಗೆ ಓದಲು, ಕೆಲಸಕ್ಕೆ ಹೋಗುವ ನಮ್ಮವರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಬೇಕು. ಹೊಸಬರಿಗೆ ಅಪಾಯ ಮುಂಚಿತವಾಗಿ ಕಾಣುವ ಕಣ್ಣು ಬರಲು ಸಮಯ ಬೇಕು. ಆ ಸಮಯದಲ್ಲಿ ಕಾರು ಬೇಗ ವೇಗ ಪಡೆಯದಿರುವುದೇ ಒಂದು ರಕ್ಷಣೆ. ಇಎಸ್‌ಸಿ, ಆರು ಏರ್‌ಬ್ಯಾಗ್ ಇರುವ 80 ಪಿಎಸ್ ಕಾರು ಕೊಡಿಸಿ.

"ಟೆಸ್ಟ್ ಡ್ರೈವ್‌ನಲ್ಲಿ ಇದನ್ನೆಲ್ಲ ಹೇಗೆ ಪರೀಕ್ಷಿಸೋದು?"

ಒಬ್ಬರೇ ಹೋಗಬೇಡಿ, ಮನೆಯ ಮೂವರನ್ನು ಕೂರಿಸಿ ಎಸಿ ಹಾಕಿ ಓಡಿಸಿ. ಮೂರನೇ ಗೇರಿನಲ್ಲಿ 40ರಿಂದ 70ಕ್ಕೆ ಹೇಗೆ ಬರುತ್ತದೆ ನೋಡಿ. ಫ್ಲೈಓವರ್ ಏರಿನಲ್ಲಿ ಎರಡನೇ ಗೇರಿನಿಂದ ಎಳೆಸಿ. ಹಿಂದೆ ಯಾರೂ ಇಲ್ಲದ ಖಾಲಿ ರಸ್ತೆಯಲ್ಲಿ, ಜೊತೆಗಿರುವವರಿಗೆ ಮೊದಲೇ ಹೇಳಿ, 50ರಿಂದ ಬ್ರೇಕನ್ನು ಪೂರ್ತಿ ತುಳಿಯಿರಿ: ಎಬಿಎಸ್ ಪೆಡಲ್ ಗರಗರ ಎನ್ನಬೇಕು, ಕಾರು ನೇರ ನಿಲ್ಲಬೇಕು. ಬಹಳ ಜನ ಇದನ್ನು ಜೀವನದಲ್ಲೇ ಮಾಡಿರುವುದಿಲ್ಲ. ಗರಗರಕ್ಕೆ ಬೆದರಿ ನಿಜವಾದ ಅಪಾಯದಲ್ಲಿ ಕಾಲು ತೆಗೆದುಬಿಡುತ್ತಾರೆ.

"ಇರೋ ಕಾರಿಗೇ ರೀಮ್ಯಾಪ್ ಮಾಡಿಸಿ ಪವರ್ ಹೆಚ್ಚಿಸಿದ್ರೆ?"

ರೀಮ್ಯಾಪ್ ಅಂದರೆ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಬದಲಿಸುವುದು. ಬ್ರೇಕ್, ಕ್ಲಚ್, ಟೈರ್ ಹಳೆಯದೇ ಉಳಿದು ವೇಗ ಮಾತ್ರ ಹೆಚ್ಚುತ್ತದೆ. ವಾರಂಟಿ ಹೋಗುತ್ತದೆ, ಇನ್ಶೂರೆನ್ಸ್ ಕ್ಲೇಮಿಗೆ ತಕರಾರು ಬರಬಹುದು. ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ. ಟೈರಿನ ಗೀರುಗಳಿಗೆ ಕಾನೂನು ಹೇಳುವ ಕನಿಷ್ಠ ಆಳ 1.6 ಮಿ.ಮೀ.; ಮಲೆನಾಡು, ಕರಾವಳಿಯ ಮಳೆಗೆ 3 ಮಿ.ಮೀ.ಗೇ ಬದಲಿಸಿ. ಟೈರಿನ ಪಕ್ಕದಲ್ಲಿ 3222 ಎಂದಿದ್ದರೆ ಅದು 2022ರ 32ನೇ ವಾರದಲ್ಲಿ ತಯಾರಾದದ್ದು.

## ಇನ್ನೂ ಆಳಕ್ಕೆ

"ಎಎಂಟಿ ಕಾರು ಓವರ್‌ಟೇಕ್ ಮಾಡುವಾಗ ಒಂದು ಕ್ಷಣ ಸತ್ತ ಹಾಗಾಗುತ್ತಲ್ಲ?"

ಎಎಂಟಿಯಲ್ಲಿ ಯಂತ್ರವೇ ಕ್ಲಚ್ ಒತ್ತಿ ಗೇರ್ ಬದಲಿಸುತ್ತದೆ, ಅಷ್ಟು ಹೊತ್ತು ಚಕ್ರಕ್ಕೆ ಬಲ ಹೋಗುವುದಿಲ್ಲ. ಪೂರ್ತಿ ತುಳಿದಾಗ ಆ ತಡ ಒಂದು ಸೆಕೆಂಡಿನಷ್ಟಾಗಬಹುದು. ಹೊರಗೆ ಬರುವ ಮುಂಚೆಯೇ ಲಿವರನ್ನು ಮ್ಯಾನುಯಲ್‌ಗೆ ತಂದು ಮೂರಕ್ಕೆ ಇಳಿಸಿ, ಆಮೇಲೆ ಹೊರಡಿ. ಘಾಟಿ ಇಳಿಯುವಾಗಲೂ ಮ್ಯಾನುಯಲ್ ಎರಡು.

"ಇವಿ ಅಂದ್ರೆ ಪಿಕಪ್ ರಾಕೆಟ್. ಅದು ಸೇಫಾ?"

ಇವಿಯಲ್ಲಿ ನಿಂತ ಜಾಗದಿಂದಲೇ ಪೂರ್ತಿ ಟಾರ್ಕ್ ಸಿಗುತ್ತದೆ, ಗೇರ್ ತಡವಿಲ್ಲ. ಹೆದ್ದಾರಿ ಸೇರಲು, ಏರು ಹತ್ತಲು ಇದು ನಿಜವಾದ ಅನುಕೂಲ. 75 ಪಿಎಸ್‌ನ ಟಿಯಾಗೊ ಇವಿ ಊರೊಳಗೆ ಎಷ್ಟೋ ದೊಡ್ಡ ಪೆಟ್ರೋಲ್ ಕಾರುಗಳಿಗಿಂತ ಚುರುಕು. ಅಪಾಯ ಇರುವುದು ಪಾರ್ಕಿಂಗಿನಲ್ಲಿ, ಬ್ರೇಕೆಂದು ಆಕ್ಸಿಲರೇಟರ್ ತುಳಿದಾಗ: ಪೆಟ್ರೋಲ್ ಕಾರು ಕೂಗಿ ಎಚ್ಚರಿಸುತ್ತದೆ, ಇವಿ ಸದ್ದಿಲ್ಲದೆ ನುಗ್ಗುತ್ತದೆ. ಮೊದಲ ತಿಂಗಳು ಇಕೋ ಮೋಡಿನಲ್ಲೇ ಓಡಿಸಿ. ಇನ್ನೊಂದು ವಿಷಯ ಬೆಟ್ಟದವರಿಗೆ: ಬ್ಯಾಟರಿ ಪೂರ್ತಿ ತುಂಬಿದ್ದರೆ ರೀಜೆನ್ (ಮೋಟರೇ ಕಾರನ್ನು ತಡೆದು ಬ್ಯಾಟರಿಗೆ ಚಾರ್ಜ್ ತುಂಬುವುದು) ಕೆಲಸ ಮಾಡುವುದಿಲ್ಲ ಅಥವಾ ತೀರಾ ಕಡಿಮೆ ಮಾಡುತ್ತದೆ. ಮಡಿಕೇರಿಯಲ್ಲಿ ಶೇ. 100 ಚಾರ್ಜ್ ಮಾಡಿ ಸಂಪಾಜೆ ಇಳಿದರೆ ಎಲ್ಲ ಭಾರವೂ ಬ್ರೇಕಿನ ಮೇಲೆ. ಶೇ. 85–90ಕ್ಕೆ ನಿಲ್ಲಿಸಿ.

"ಮುಂಚೆ ಚೆನ್ನಾಗಿ ಎಳೀತಿತ್ತು, ಈಗ ಎಳೀತಿಲ್ಲ. ದೊಡ್ಡ ಕಾರಿಗೆ ಬದಲಾಯಿಸ್ಲಾ?"

ಮೊದಲು ಇದನ್ನು ನೋಡಿ. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಪರೀಕ್ಷಿಸಿ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ. ಒಂದು ಮಾತ್ರ ಬೇರೆಯವಕ್ಕಿಂತ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿರಬಹುದು, ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್. ನಾಲ್ಕನೇ ಗೇರಿನಲ್ಲಿ 50ರಿಂದ ಪೂರ್ತಿ ತುಳಿದಾಗ ಆರ್‌ಪಿಎಂ ಜಿಗಿದು ವೇಗ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಮಣ್ಣಿನ ರಸ್ತೆಯ ಊರುಗಳಲ್ಲಿ ಅದು ಪುಸ್ತಕದಲ್ಲಿ ಬರೆದ ಅವಧಿಯ ಅರ್ಧಕ್ಕೇ ಕಟ್ಟಿಕೊಳ್ಳುತ್ತದೆ. ಸಾಮಾನ್ಯ ಸ್ಪಾರ್ಕ್ ಪ್ಲಗ್ ಆದರೆ 40,000 ಕಿ.ಮೀ.ಗೆ ಬದಲಿಸಿ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿಸದೆ ಯಾವ ಭಾಗವನ್ನೂ ಬದಲಿಸಲು ಒಪ್ಪಬೇಡಿ. ಇಷ್ಟೆಲ್ಲ ಸರಿಯಿದ್ದೂ ಎಳೆಯದಿದ್ದರೆ ಮೆಕ್ಯಾನಿಕ್ ಹತ್ತಿರ ಕಂಪ್ರೆಶನ್ ಪರೀಕ್ಷೆ (ಸಿಲಿಂಡರಿನ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ತೋರಿಸಿದರೆ ಎಂಜಿನ್ ಕೆಲಸಕ್ಕೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡು, ಆ ಮೊತ್ತವನ್ನು ಕಾರಿನ ಈಗಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ ತೀರ್ಮಾನ ಮಾಡಿ.